ಬಾಯಿಯ ಪಸೆ ಉಳಿಸಿದ ಬಗೆ

ಸಿಡ್ನಿಯ ಪಶ್ಚಿಮದ ಬ್ಲ್ಯಾಕ್‌ಟೌನ್ ಆಸ್ಪತ್ರೆ ಬಾಗಿಲು ತೆರೆದದ್ದು 1965ರಲ್ಲಿ. ನೆರೆಯ ವೆಸ್ಟ್‌ಮೀಡ್‌ನ ದೊಡ್ಡಾಸ್ಪತ್ರೆ 1978ರಲ್ಲಿ. ಈ ಭಾಗದಲ್ಲಿ ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಶುರುವಾಗುವ ಮೊದಲೇ ದಂತವೈದ್ಯರು ಹಲ್ಲುಗಳನ್ನು ಪರೀಕ್ಷಿಸುತ್ತಾರೆ. ಆಮೇಲೆ ವಿಕಿರಣ ಚಿಕಿತ್ಸೆಯ ವೈದ್ಯರು ಕಂಪ್ಯೂಟರ್ ಪರದೆಯ ಮೇಲೆ, ಕಿವಿಯ ಮುಂದಿರುವ ಪೆರೋಟಿಡ್ ಲಾಲಾಗ್ರಂಥಿಯ ಸುತ್ತ ಒಂದು ಗೆರೆ ಎಳೆಯುತ್ತಾರೆ. ಗೆರೆಯೊಳಗೆ ವಿಕಿರಣ ಆದಷ್ಟು ಕಡಿಮೆ ಬೀಳಬೇಕು. ಈ ಒಂದು ಗೆರೆ ವೈದ್ಯರ ರೂಢಿಯಾಗಲು ಹೆಚ್ಚುಕಡಿಮೆ ನೂರು ವರ್ಷ ಬೇಕಾಯಿತು.

ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. 1906ರಲ್ಲಿ ಫ್ರಾನ್ಸಿನ ಬೆರ್ಗೊನಿಯೆ ಮತ್ತು ಟ್ರಿಬೊಂಡೊ, ಬೇಗಬೇಗ ವಿಭಜನೆಯಾಗುವ ಜೀವಕೋಶಗಳೇ ವಿಕಿರಣಕ್ಕೆ ಹೆಚ್ಚು ಬಲಿಯಾಗುತ್ತವೆ ಎಂಬ ನಿಯಮ ಮಂಡಿಸಿದರು. ಲಾಲಾಗ್ರಂಥಿಯ ಕೋಶಗಳು ವಿಭಜನೆಯಾಗುವುದು ತೀರ ನಿಧಾನ. ಆ ಲೆಕ್ಕದಲ್ಲಿ ಅವು ತಡೆದುಕೊಳ್ಳಬೇಕಿತ್ತು. ಆದರೆ 1911ರಲ್ಲಿ ಅದೇ ಬೆರ್ಗೊನಿಯೆ ವಿಕಿರಣದಿಂದ ಲಾಲಾಗ್ರಂಥಿಗಳಿಗೆ ಆಗುವ ತೊಂದರೆಯನ್ನು ವರದಿ ಮಾಡಿದರು. ಈಗ ಗೊತ್ತಿರುವಂತೆ, ಚಿಕಿತ್ಸೆಯ ಮೊದಲ ವಾರದಲ್ಲೇ ಜೊಲ್ಲು ಅರ್ಧಕ್ಕಿಳಿಯಬಹುದು. ತನ್ನ ನಿಯಮಕ್ಕೇ ಒಗ್ಗದ ಸಂಗತಿಯನ್ನು ಮುಚ್ಚಿಡದೆ ಬರೆದ ಆ ಪ್ರಾಮಾಣಿಕತೆ ದೊಡ್ಡದು.

ಆದರೂ ಮುಂದಿನ ಹಲವು ದಶಕ ಅದರ ಬೆನ್ನು ಹತ್ತಿದವರು ಕಡಿಮೆ. ಜೀವ ಉಳಿಯಿತಲ್ಲ, ಬಾಯಿ ಒಣಗಿದರೆ ನೀರು ಕುಡಿದರಾಯಿತು ಎಂಬ ಧೋರಣೆ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ವಿಕಿರಣ ಯಂತ್ರ ಬಂತು. ಮುಖದ ಎರಡೂ ಪಕ್ಕದಿಂದ ಕಿರಣ ಹಾಯಿಸುವ ಪದ್ಧತಿಯಲ್ಲಿ ಎರಡೂ ಪೆರೋಟಿಡ್‌ಗಳು ನೇರ ದಾರಿಗೆ ಸಿಕ್ಕವು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಎಲೆಯಡಿಕೆ, ಹೊಗೆಸೊಪ್ಪಿನ ನಾಡಿನಲ್ಲಿ ಬಾಯಿ ಕ್ಯಾನ್ಸರ್ ಅಪರೂಪದ ಕಾಯಿಲೆಯೇನಲ್ಲ. ‘ಕರೆಂಟು ಕೊಡಿಸಿಕೊಂಡು’, ಅಂದರೆ ವಿಕಿರಣ ಚಿಕಿತ್ಸೆ ಪಡೆದು, ಮನೆಗೆ ಬಂದವರಿಗೆ ರೊಟ್ಟಿ ಬಾಯಲ್ಲೇ ನಿಲ್ಲುತ್ತಿತ್ತು, ಸಾರಿನ ಖಾರ ಉರಿಯುತ್ತಿತ್ತು, ಮಜ್ಜಿಗೆಯನ್ನ ಕೂಡ ಗುಟುಕು ನೀರಿಲ್ಲದೆ ಇಳಿಯುತ್ತಿರಲಿಲ್ಲ. ಇದನ್ನು ಸಣ್ಣ ತೊಂದರೆ ಎನ್ನುವುದು ಸಾಧ್ಯವೇ ಇಲ್ಲ. ಹಲ್ಲು ಬುಡದಲ್ಲೇ ಹುಳುಕಾಗುವುದು, ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುವುದು, ನಾಲ್ಕು ಮಾತಾಡುವಷ್ಟರಲ್ಲಿ ಗಂಟಲು ಕಟ್ಟುವುದು, ಎಲ್ಲವೂ ಒಣಬಾಯಿಯ ಜೊತೆಗೇ ಬಂದವು.

ಔಷಧಿಗಳ ಸರದಿ ತಡವಾಗಿ ಬಂತು. ಬ್ರೆಜಿಲ್‌ನ ಜಬೊರಾಂಡಿ ಗಿಡದಿಂದ 19ನೇ ಶತಮಾನದಲ್ಲೇ ತೆಗೆದಿದ್ದ ಪೈಲೊಕಾರ್ಪಿನ್‌ಗೆ ಈ ಉಪಯೋಗಕ್ಕಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಉಳಿದ ಗ್ರಂಥಿಯನ್ನು ಅದು ಎಬ್ಬಿಸುತ್ತದೆ, ಸತ್ತದ್ದನ್ನು ಬದುಕಿಸದು. ಅಮೆರಿಕದ ಸೇನಾ ಸಂಶೋಧನಾಲಯದಲ್ಲಿ ಹುಟ್ಟಿದ ಅಮಿಫೋಸ್ಟಿನ್ ಹಾನಿಯನ್ನೇ ತಡೆಯಲು ಬಂತು. 1999ರಲ್ಲಿ ಒಣಬಾಯಿ ತಡೆಗೆ ಅದಕ್ಕೆ ಅನುಮತಿ ಸಿಕ್ಕರೂ ವಾಂತಿ, ರಕ್ತದೊತ್ತಡದ ಕುಸಿತದಿಂದಾಗಿ ಬಳಕೆ ಹಬ್ಬಲಿಲ್ಲ. ಕೆನಡಾದ ಎಡ್ಮಂಟನ್‌ನಲ್ಲಿ ಹಾದಿ ಸೈಕಲಿ ಮತ್ತು ನರೇಶ್ ಝಾ ದವಡೆಯ ಕೆಳಗಿನ ಗ್ರಂಥಿಯನ್ನೇ ಶಸ್ತ್ರಚಿಕಿತ್ಸೆಯಿಂದ ಗದ್ದದ ಕೆಳಕ್ಕೆ, ಕಿರಣ ಬೀಳದ ಕಡೆಗೆ ಸರಿಸಿದರು.

ನಿಜವಾದ ತಿರುವು ಕಿರಣದ ತೀವ್ರತೆಯನ್ನು ಬೇಕಾದಂತೆ ಬದಲಿಸುವ ಐಎಂಆರ್‌ಟಿಯಿಂದ. 1999ರಲ್ಲಿ ಮಿಷಿಗನ್‌ನ ಐಸ್‌ಬ್ರುಕ್ ತಂಡ, ಪೆರೋಟಿಡ್‌ಗೆ ಬೀಳುವ ವಿಕಿರಣ ಸರಾಸರಿ 26 ಗ್ರೇಗಿಂತ (ಗ್ರೇ ವಿಕಿರಣದ ಅಳತೆ) ಕಡಿಮೆಯಿದ್ದರೆ ಜೊಲ್ಲು ಕ್ರಮೇಣ ಮರಳುತ್ತದೆ ಎಂದು ತೋರಿಸಿತು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಾರ್‌ಸ್ಪೋರ್ಟ್ ಅಧ್ಯಯನದಲ್ಲಿ 94 ರೋಗಿಗಳಿದ್ದರು. ಒಂದು ವರ್ಷದ ಬಳಿಕ ಹಳೇ ಪದ್ಧತಿಯವರಲ್ಲಿ ಶೇ 74 ಮಂದಿಗೆ ಗಣನೀಯವಾಗಿ ಬಾಯಿ ಒಣಗಿತ್ತು. ಹೊಸದರಲ್ಲಿ ಶೇ 38 ಮಂದಿಗೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 60 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲವೂ ಅದೇ ದಿಕ್ಕಿನಲ್ಲಿತ್ತು.

ಇನ್ನು ಹಲ್ಲುಗಳನ್ನು ಹುಳುಕಿನಿಂದ ಕಾಯುವ ಮಾತು. ಸಿಡ್ನಿಯ ನಲ್ಲಿ ನೀರಿಗೆ 1968ರಿಂದ ಫ್ಲೋರೈಡ್ ಬೆರೆಸುತ್ತಾರೆ. ಜೊಲ್ಲು ಬತ್ತಿದ ಬಾಯಿಗೆ ಅದು ಸಾಲದ ಕಾರಣ, ಸಾಮಾನ್ಯ ಪೇಸ್ಟಿಗಿಂತ ಹಲವು ಪಟ್ಟು ಹೆಚ್ಚು, 5,000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟನ್ನು ಇಂಥ ರೋಗಿಗಳಿಗೆ ಸೂಚಿಸುವುದುಂಟು. ಕಾಯಿಲೆಯ ಮೂಲಕ್ಕೇ ತಡೆ ಹಾಕುವ ಕೆಲಸವೂ ನಡೆದಿದೆ: ಆಸ್ಟ್ರೇಲಿಯಾ 1991ರಲ್ಲಿ ಜಗಿಯುವ ತಂಬಾಕಿನ ಮಾರಾಟ ನಿಷೇಧಿಸಿತು, 2007ರಲ್ಲಿ ಹುಡುಗಿಯರಿಗೆ, 2013ರಲ್ಲಿ ಹುಡುಗರಿಗೆ ಶಾಲೆಗಳಲ್ಲಿ ಗಂಟಲಿನ ಕ್ಯಾನ್ಸರಿಗೂ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ವಿರುದ್ಧ ಲಸಿಕೆ ಆರಂಭಿಸಿತು. ಕರ್ನಾಟಕ ಗುಟ್ಕಾ ನಿಷೇಧಿಸಿದ್ದು 2013ರಲ್ಲಿ.

ಆ ಗೆರೆಗೂ ಮಿತಿಯಿದೆ: ಗೆಡ್ಡೆ ಗ್ರಂಥಿಗೆ ಒತ್ತಿಕೊಂಡಿದ್ದರೆ ಗೆರೆ ಎಳೆದೂ ಉಪಯೋಗ ಕಡಿಮೆ. ಕಾಪಾಡಬೇಕಾದ ಗ್ರಂಥಿ ಇನ್ನೂ ಇರಬಹುದು: 2020ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಮೂಗಿನ ಹಿಂಭಾಗದಲ್ಲಿ ಇನ್ನೊಂದು ಜೊತೆ ಲಾಲಾಗ್ರಂಥಿಗಳಿವೆ ಎಂದು ವರದಿ ಮಾಡಿದರು. ಅವನ್ನು ಪ್ರತ್ಯೇಕ ಗ್ರಂಥಿ ಎನ್ನಬಹುದೇ ಎಂಬ ಚರ್ಚೆ ಎದ್ದಿತು. ಅಲ್ಲಿ ಬಿದ್ದ ವಿಕಿರಣ ಹೆಚ್ಚಾದಷ್ಟೂ ರೋಗಿಯ ಬಾಯಿ ಒಣಗುವುದು, ನುಂಗಲು ಕಷ್ಟವಾಗುವುದು ಹೆಚ್ಚೆಂದು ಅದೇ ತಂಡದ ಲೆಕ್ಕ ತೋರಿಸಿತ್ತು.