ಸ್ಕಾಟ್ಲೆಂಡಿನ ದ್ವೀಪಗಳ ಇತಿಹಾಸದಲ್ಲಿ ಬಿಷಪರ ಪಾತ್ರ

1

ಇಂಗ್ಲೆಂಡಿನ ಇತಿಹಾಸವನ್ನು ಓದುವ ವಿದ್ಯಾರ್ಥಿಗೆ ಸ್ಕಾಟ್ಲೆಂಡ್ ಒಂದು ಅನುಬಂಧದಂತೆ ಕಾಣುವುದುಂಟು. ಸ್ಕಾಟ್ಲೆಂಡಿನ ಇತಿಹಾಸದಲ್ಲಿ ಅದರ ದ್ವೀಪಗಳು ಅನುಬಂಧಕ್ಕೂ ಅನುಬಂಧ. ಉತ್ತರದಲ್ಲಿ ಆರ್ಕ್ನಿ ಮತ್ತು ಶೆಟ್ಲೆಂಡ್, ಪಶ್ಚಿಮದಲ್ಲಿ ಹೆಬ್ರಿಡೀಸ್—ಈ ದ್ವೀಪಸ್ತೋಮಗಳ ಕಥೆಯನ್ನು ಸಾಮಾನ್ಯ ಗ್ರಂಥಗಳು ಎರಡು ವಾಕ್ಯಗಳಲ್ಲಿ ಮುಗಿಸುತ್ತವೆ: 1266ರ ಪರ್ತ್ ಒಪ್ಪಂದದಿಂದ ಹೆಬ್ರಿಡೀಸ್ ದ್ವೀಪಗಳು ನಾರ್ವೆಯ ದೊರೆಯ ಕೈಯಿಂದ ಸ್ಕಾಟ್ಲೆಂಡಿನ ದೊರೆಯ ಕೈಗೆ ಬಂದವು, 1468–69ರಲ್ಲಿ ಆರ್ಕ್ನಿ ಮತ್ತು ಶೆಟ್ಲೆಂಡ್‌ಗಳು ವರದಕ್ಷಿಣೆಯ ಒತ್ತೆಯಾಗಿ ಬಂದವು. ದೊರೆಗಳ ಲೆಕ್ಕಪತ್ರದ ದೃಷ್ಟಿಯಿಂದ ಈ ಮಾತು ಸರಿ. ಆದರೆ ದ್ವೀಪವಾಸಿಗಳು ಯಾರಿಗೆ ತೆರಿಗೆ ಕೊಟ್ಟರು, ಯಾವ ಕಾನೂನಿಗೆ ತಲೆಬಾಗಿದರು, ಯಾವ ಭಾಷೆಯಲ್ಲಿ ವ್ಯವಹರಿಸಿದರು ಎಂಬ ಪ್ರಶ್ನೆಗಳಿಗೆ ಈ ಎರಡು ತಾರೀಖುಗಳಿಂದ ಉತ್ತರ ದೊರೆಯುವುದಿಲ್ಲ.

ಇದಕ್ಕೆ ಮುಖ್ಯ ಕಾರಣವೆಂದರೆ ಮಧ್ಯಯುಗದ ಯೂರೋಪಿನಲ್ಲಿ ರಾಜ್ಯದ ಎಲ್ಲೆಯೂ ಧರ್ಮಪ್ರಾಂತದ ಎಲ್ಲೆಯೂ ಒಂದೇ ಆಗಿರಲಿಲ್ಲವೆಂಬುದು. ಬಿಷಪ್ ಎಂದರೆ ಒಂದು ಧರ್ಮಪ್ರಾಂತದ ಅಧ್ಯಕ್ಷ. ಆತನ ಮೇಲೆ ಆರ್ಚ್‌ಬಿಷಪ್, ಅವನ ಮೇಲೆ ರೋಮಿನ ಪೋಪ್. ಈ ಅಧಿಕಾರಶ್ರೇಣಿ ರಾಜರ ಯುದ್ಧಗಳೊಡನೆ ಸ್ಥಳ ಬದಲಿಸುತ್ತಿರಲಿಲ್ಲ. ಸಾಗರದ ನಡುವಣ ದ್ವೀಪಗಳಲ್ಲಿ, ದೊರೆಯು ನೂರಾರು ಮೈಲಿ ದೂರವಿದ್ದಾಗ, ಈ ಎರಡು ಎಲ್ಲೆಗಳ ನಡುವಣ ಸ್ಥಾನದಲ್ಲಿ ನಿಂತವನು ಬಿಷಪ್. ಆತನು ಮೊದಲು ಮಧ್ಯಸ್ಥನಾಗಿದ್ದು, ಎಲ್ಲೆಗಳೆರಡೂ ಒಂದಾದ ಮೇಲೆ ಕ್ರಮೇಣ ರಾಜಾಧಿಕಾರಿಯಾಗಿ ಮಾರ್ಪಟ್ಟನೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

2

ಆರ್ಕ್ನಿಯ ಬಿಷಪ್ ಪೀಠವು 11ನೆಯ ಶತಮಾನದ ಮಧ್ಯಭಾಗದಲ್ಲಿ, ಅರ್ಲ್ ಥಾರ್‌ಫಿನ್ನನ ಕಾಲದಲ್ಲಿ, ಬರ್ಸೇ ಎಂಬಲ್ಲಿ ನೆಲೆಗೊಂಡಿತು. ದ್ವೀಪಗಳನ್ನು ಆಳುತ್ತಿದ್ದ ಈ ಅರ್ಲ್‌ಗಳು ನಾರ್ವೆಯ ದೊರೆಗೆ ಅಧೀನರೆನಿಸಿಕೊಂಡಿದ್ದರೂ ವಾಸ್ತವವಾಗಿ ಬಹುಮಟ್ಟಿಗೆ ಸ್ವತಂತ್ರರು. ಬಿಷಪನನ್ನು ನೇಮಿಸುವ ಹಕ್ಕಿಗಾಗಿ ಜರ್ಮನಿಯ ಹ್ಯಾಂಬರ್ಗ್-ಬ್ರೆಮೆನ್ ಪೀಠವೂ ಇಂಗ್ಲೆಂಡಿನ ಯಾರ್ಕ್ ಪೀಠವೂ ಸ್ಪರ್ಧಿಸಿದವು. ಯಾರ್ಕಿನಲ್ಲಿ ಅಭಿಷಿಕ್ತರಾದ ಕೆಲವರು ಆರ್ಕ್ನಿಯ ಬಿಷಪರೆಂದು ಹೆಸರು ಪಡೆದರೂ, 12ನೆಯ ಶತಮಾನದ ಪೂರ್ವಾರ್ಧದಲ್ಲಿ ದ್ವೀಪದಲ್ಲಿ ಬಿಷಪ್ ಪದವಿಯನ್ನು ನಡೆಸಿದವನು 'ವೃದ್ಧ' ಎಂಬ ಉಪನಾಮದ ವಿಲಿಯಮನು.

ಈ ವಿಲಿಯಮನ ಚರಿತ್ರೆ ಬಿಷಪನ ಸ್ಥಾನವೆಂತಹುದೆಂಬುದಕ್ಕೆ ಒಳ್ಳೆಯ ನಿದರ್ಶನ. ಸುಮಾರು 1117ರಲ್ಲಿ ಅರ್ಲ್ ಮ್ಯಾಗ್ನಸನು ಎಗಿಲ್ಸೇ ದ್ವೀಪದಲ್ಲಿ ತನ್ನ ದಾಯಾದಿ ಹಾಕನನಿಂದ ಹತನಾದನು. ಜನಸಾಮಾನ್ಯರು ಬಹುಬೇಗ ಮ್ಯಾಗ್ನಸನನ್ನು ಸಂತನೆಂದು ಪೂಜಿಸತೊಡಗಿದರು. ಬಿಷಪನು ಮಾತ್ರ ಬಹುಕಾಲ ಒಪ್ಪಲಿಲ್ಲ. ಆತನಿಗೆ ದೃಷ್ಟಿ ಹೋಗಿ, ಮ್ಯಾಗ್ನಸನ ಸಮಾಧಿಯಲ್ಲಿ ಪ್ರಾರ್ಥಿಸಿದ ಮೇಲೆ ಮರಳಿ ಬಂದುದರಿಂದ ಮನಸ್ಸು ಬದಲಾಯಿತೆಂದು ಆರ್ಕ್ನಿಯ ಅರ್ಲ್‌ಗಳ ಸಾಗಾ ಗ್ರಂಥ ಹೇಳುತ್ತದೆ. ಪವಾಡದ ಮಾತನ್ನು ಬದಿಗಿಟ್ಟು ನೋಡಿದರೆ ಇಲ್ಲಿರುವ ರಾಜಕೀಯ ಸ್ಪಷ್ಟವಾಗುತ್ತದೆ. ಹಾಕನನ ವಂಶ ಅಧಿಕಾರದಲ್ಲಿರುವವರೆಗೆ ಮ್ಯಾಗ್ನಸನನ್ನು ಸಂತನೆಂದು ಸಾರುವುದೆಂದರೆ ಆಳುವವರನ್ನು ಕೊಲೆಗಾರರೆಂದು ಸಾರಿದಂತೆ. ಮ್ಯಾಗ್ನಸನ ಸೋದರಳಿಯ ರೋಗ್ನ್‌ವಾಲ್ಡನು ಅರ್ಲ್ ಪದವಿಗೆ ಹಕ್ಕುದಾರನಾಗಿ ನಿಂತಾಗ ಸಂತನ ಹೆಸರೇ ಅವನ ಪಕ್ಷದ ಧ್ವಜವಾಯಿತು. 1137ರಲ್ಲಿ ಕರ್ಕ್‌ವಾಲಿನಲ್ಲಿ ಸಂತ ಮ್ಯಾಗ್ನಸನ ಪ್ರಧಾನ ದೇವಾಲಯಕ್ಕೆ ಅಡಿಗಲ್ಲು ಬಿದ್ದಿತು. ಬಿಷಪನ ಪೀಠವೂ ಬರ್ಸೇಯಿಂದ ಅಲ್ಲಿಗೆ ಬಂದಿತು. ಮುಂದೆ ರೋಗ್ನ್‌ವಾಲ್ಡನು ಜೆರೂಸಲೇಮಿಗೆ ಯಾತ್ರೆ ಹೊರಟಾಗ ವಿಲಿಯಮನೂ ಜೊತೆಯಲ್ಲಿ ಹೋದನು. ಯಾರ ಕಡೆಗೆ ಬಿಷಪನು ವಾಲುತ್ತಾನೋ ಆ ಕಡೆಗೆ ಅರ್ಲ್ ಪದವಿಯ ನ್ಯಾಯಬದ್ಧತೆ ವಾಲುತ್ತಿತ್ತೆಂದು ಇದರಿಂದ ಹೇಳಬಹುದು.

1152–53ರಲ್ಲಿ ಪೋಪನ ಪ್ರತಿನಿಧಿ ನಿಕೊಲಸ್ ಬ್ರೇಕ್‌ಸ್ಪಿಯರನು ನಾರ್ವೆಯ ನಿದರೋಸಿನಲ್ಲಿ, ಎಂದರೆ ಇಂದಿನ ಟ್ರಾಂಡ್‌ಹೈಮಿನಲ್ಲಿ, ಒಂದು ಆರ್ಚ್‌ಬಿಷಪ್ ಪೀಠವನ್ನು ಸ್ಥಾಪಿಸಿದನು. ಐಸ್‌ಲೆಂಡ್, ಗ್ರೀನ್‌ಲೆಂಡ್, ಫ್ಯಾರೋ ದ್ವೀಪಗಳ ಪೀಠಗಳೊಡನೆ ಆರ್ಕ್ನಿಯೂ ಸೋಡರ್ ಪೀಠವೂ ಅದರ ಅಧೀನವಾದವು. ಸೋಡರ್ ಎಂಬುದು ದಕ್ಷಿಣ ದ್ವೀಪಗಳು ಎಂಬ ಅರ್ಥದ ನಾರ್ಸ್ ಶಬ್ದದಿಂದ ಬಂದ ಹೆಸರು. ಹೆಬ್ರಿಡೀಸ್ ಮತ್ತು ಮ್ಯಾನ್ ದ್ವೀಪಗಳು ಅದಕ್ಕೆ ಸೇರಿದ್ದವು. ಈ ವ್ಯವಸ್ಥೆ ಮುಂದೆ ಮುನ್ನೂರು ವರ್ಷಗಳಿಗೂ ಮೀರಿ ಉಳಿಯಿತು.

3

ಬಿಷಪನ ಮಧ್ಯಸ್ಥಿಕೆಗೆ 1195ರ ಪ್ರಸಂಗ ಸಾಕ್ಷಿ. ನಾರ್ವೆಯ ದೊರೆ ಸ್ವೆರ್ರೆಯ ವಿರುದ್ಧ ಆರ್ಕ್ನಿಯಿಂದ ಹೊರಟ ದಂಡು 1194ರಲ್ಲಿ ನಾಶವಾದಾಗ ಅರ್ಲ್ ಹೆರಾಲ್ಡನು ಕ್ಷಮೆ ಬೇಡಲು ಬರ್ಗೆನ್ನಿಗೆ ಹೋಗಬೇಕಾಯಿತು. ಜೊತೆಯಲ್ಲಿ ಹೋದವನು ಬಿಷಪ್ ಬ್ಯಾರ್ನಿ. ಈತನು ಕವಿಯೆಂದೂ ಪ್ರಸಿದ್ಧ. ಅರ್ಲ್ ಪದವಿ ಉಳಿಯಿತು. ಶೆಟ್ಲೆಂಡ್ ಮಾತ್ರ ಅವನ ಕೈತಪ್ಪಿ ನೇರವಾಗಿ ದೊರೆಯ ವಶವಾಯಿತು.

ಆದರೆ ಮಧ್ಯಸ್ಥನ ಸ್ಥಾನ ನಿರಪಾಯವಾದುದಲ್ಲ. ಆರ್ಕ್ನಿಯ ಎದುರಿಗೆ ಸ್ಕಾಟ್ಲೆಂಡಿನ ನೆಲದಲ್ಲಿರುವ ಕೇತ್‌ನೆಸ್ ಸೀಮೆಯೂ ಅದೇ ಅರ್ಲ್‌ಗಳ ಕೈಯಲ್ಲಿತ್ತು. ಅಲ್ಲಿನ ಬಿಷಪರು ಮಾತ್ರ ಸ್ಕಾಟ್ ದೊರೆಯ ಪಕ್ಷದವರು. ಇಪ್ಪತ್ತು ಹಸುಗಳಿಗೆ ಒಂದು ಅಳತೆ ಬೆಣ್ಣೆಯನ್ನು ಬಿಷಪನಿಗೆ ಸಲ್ಲಿಸುವುದು ಅಲ್ಲಿನ ಹಳೆಯ ರೂಢಿ. ಬಿಷಪ್ ಆಡಮನು ಅದೇ ಅಳತೆಯನ್ನು ಹದಿನೈದು ಹಸುಗಳಿಗೆ, ಬಳಿಕ ಹನ್ನೆರಡಕ್ಕೆ, ಕೊನೆಗೆ ಹತ್ತಕ್ಕೆ ಕೇಳಿದನೆಂದು ಸಾಗಾ ಹೇಳುತ್ತದೆ. 1222ರಲ್ಲಿ ರೊಚ್ಚಿಗೆದ್ದ ರೈತರು ಹಾಲ್‌ಕರ್ಕಿನಲ್ಲಿ ಅವನನ್ನು ಸುಟ್ಟು ಕೊಂದರು. ಸಮೀಪದಲ್ಲೇ ಇದ್ದ ಅರ್ಲ್ ಜಾನನು ತಡೆಯಲಿಲ್ಲ. ದೊರೆ ಎರಡನೆಯ ಅಲೆಕ್ಸಾಂಡರನು ಇದೇ ನೆಪದಿಂದ ದಂಡೆತ್ತಿ ಬಂದು ಕಠಿಣ ಶಿಕ್ಷೆ ವಿಧಿಸಿದನು. ಬೆಣ್ಣೆಯ ಅಳತೆಯ ಜಗಳ ಸ್ಕಾಟ್ ಪ್ರಭುತ್ವವನ್ನು ಉತ್ತರದ ಕಡಲಂಚಿಗೆ ಕರೆತಂದಿತು.

1263ರಲ್ಲಿ ನಾರ್ವೆಯ ದೊರೆ ನಾಲ್ಕನೆಯ ಹಾಕನನು ಹೆಬ್ರಿಡೀಸನ್ನು ಉಳಿಸಿಕೊಳ್ಳಲು ದೊಡ್ಡ ನೌಕಾಪಡೆಯೊಡನೆ ಬಂದು, ಲಾರ್ಗ್ಸ್ ಕಾಳಗದ ಬಳಿಕ ಹಿಮ್ಮೆಟ್ಟಿ, ಡಿಸೆಂಬರಿನಲ್ಲಿ ಕರ್ಕ್‌ವಾಲಿನ ಬಿಷಪನ ಅರಮನೆಯಲ್ಲಿ ಅಸುನೀಗಿದನು. ಮೂರು ವರ್ಷಗಳ ನಂತರ ನಡೆದ ಪರ್ತ್ ಒಪ್ಪಂದದಂತೆ ಸ್ಕಾಟ್ಲೆಂಡ್ 4,000 ಮಾರ್ಕುಗಳನ್ನು ಕಂತುಗಳಲ್ಲಿಯೂ, ಅದರ ಮೇಲೆ ವರ್ಷಕ್ಕೆ 100 ಮಾರ್ಕುಗಳನ್ನು ಶಾಶ್ವತವಾಗಿಯೂ ಕೊಡಬೇಕಾಯಿತು. ಹಣವನ್ನು ಸಲ್ಲಿಸಬೇಕಾದ ಸ್ಥಳ ಸಂತ ಮ್ಯಾಗ್ನಸನ ದೇವಾಲಯ. ಸ್ವೀಕರಿಸಬೇಕಾದವರು ಆರ್ಕ್ನಿಯ ಬಿಷಪ್ ಇಲ್ಲವೆ ನಾರ್ವೆ ದೊರೆಯ ಅಧಿಕಾರಿ. ಇದಕ್ಕಿಂತಲೂ ಗಮನಾರ್ಹವಾದ ಷರತ್ತು ಮತ್ತೊಂದಿದೆ: ಸೋಡರ್ ಪೀಠದ ಮೇಲೆ ನಿದರೋಸಿಗಿದ್ದ ಹಕ್ಕನ್ನು ಒಪ್ಪಂದ ಹಾಗೆಯೇ ಉಳಿಸಿತು. ಭೂಮಿ ಸ್ಕಾಟ್ ದೊರೆಯದಾದರೂ ಧರ್ಮಪ್ರಾಂತ ನಾರ್ವೆಯದಾಗಿಯೇ ಉಳಿಯಿತು.

4

15ನೆಯ ಶತಮಾನದಲ್ಲಿ ಆರ್ಕ್ನಿಯಲ್ಲಿ ಇದರ ವಿಲೋಮ ಕ್ರಮವನ್ನು ಕಾಣುತ್ತೇವೆ. ಇಲ್ಲಿ ಭೂಮಿ ಇನ್ನೂ ನಾರ್ವೆ-ಡೆನ್ಮಾರ್ಕ್ ದೊರೆಯದು; ಆದರೆ ಪೀಠದ ಮೇಲೆ ಕುಳಿತವರು ಸ್ಕಾಟರು. 1418ರಿಂದ 1461ರವರೆಗೆ ಬಿಷಪನಾಗಿದ್ದ ಥಾಮಸ್ ಟಲ್ಲಕನಿಗೆ ದೊರೆ ಎರಿಕನು 1420ರ ದಶಕದಲ್ಲಿ ದ್ವೀಪಗಳ ಆಡಳಿತವನ್ನೇ ವಹಿಸಿದ್ದುಂಟು. ಅರ್ಲ್‌ಗಳ ವಂಶಾವಳಿಯನ್ನು ಸಿದ್ಧಪಡಿಸಿ ನಾರ್ವೆಯ ದೊರೆಗೆ ನಿವೇದಿಸಿದವನೂ ಈತನೇ. ಅದೇ ಶತಮಾನದಲ್ಲಿ ಆರ್ಕ್ನಿಯ ದಾಖಲೆಗಳ ಭಾಷೆ ನಾರ್ಸ್‌ನಿಂದ ಸ್ಕಾಟ್ಸ್‌ಗೆ ತಿರುಗಿತು. ಸ್ಕಾಟ್ ಅರ್ಲ್‌ಗಳೊಡನೆ ಸ್ಕಾಟ್ ಪಾದ್ರಿಗಳೂ ಈ ಬದಲಾವಣೆಗೆ ಕಾರಣರು.

ಆದುದರಿಂದ 1468ರಲ್ಲಿ ಡೆನ್ಮಾರ್ಕಿನ ದೊರೆ ಮೊದಲನೆಯ ಕ್ರಿಶ್ಚಿಯನನು ತನ್ನ ಮಗಳು ಮಾರ್ಗರೆಟ್ಟಳನ್ನು ಮೂರನೆಯ ಜೇಮ್ಸನಿಗೆ ಕೊಡುವಾಗ ಆರ್ಕ್ನಿಯನ್ನು 50,000 ಫ್ಲಾರಿನ್‌ಗಳಿಗೆ, ಮರುವರ್ಷ ಶೆಟ್ಲೆಂಡನ್ನು 8,000 ಫ್ಲಾರಿನ್‌ಗಳಿಗೆ ಒತ್ತೆಯಿಟ್ಟನೆಂಬುದು ದೀರ್ಘಕಾಲದ ಪರಿವರ್ತನೆಯ ಕೊನೆಯ ಮಜಲೇ ಹೊರತು ಆಕಸ್ಮಿಕವಲ್ಲ. 1470ರಲ್ಲಿ ಅರ್ಲ್ ಪದವಿ ಸ್ಕಾಟ್ ದೊರೆಯ ಕೈಸೇರಿತು. 1472ರಲ್ಲಿ ಪೋಪನು ಸೇಂಟ್ ಆಂಡ್ರೂಸನ್ನು ಆರ್ಚ್‌ಬಿಷಪ್ ಪೀಠವಾಗಿಸಿ ಆರ್ಕ್ನಿಯನ್ನೂ ಹೆಬ್ರಿಡೀಸ್ ಪೀಠವನ್ನೂ ಅದರ ಅಧೀನಕ್ಕೆ ತಂದನು. ಪರ್ತ್ ಒಪ್ಪಂದವಾದ 206 ವರ್ಷಗಳ ತರುವಾಯ ರಾಜ್ಯದ ಎಲ್ಲೆಯೂ ಧರ್ಮದ ಎಲ್ಲೆಯೂ ಒಂದಾದವು. ಅಂದಿನಿಂದ ದ್ವೀಪದ ಬಿಷಪನಿಗೆ ಒಬ್ಬನೇ ಒಡೆಯ.

5

ಈ ಬದಲಾವಣೆಯ ಫಲ ಏಕರೂಪವಾಗಿರಲಿಲ್ಲ. 1541ರಿಂದ 1558ರವರೆಗೆ ಆರ್ಕ್ನಿಯಲ್ಲಿದ್ದ ರಾಬರ್ಟ್ ರೀಡನು ರಾಜಸೇವಕನೂ ಹೌದು, ವಿದ್ಯಾಪಕ್ಷಪಾತಿಯೂ ಹೌದು. ಆತನು 1544ರಲ್ಲಿ ದೇವಾಲಯದ ಆಡಳಿತವನ್ನು ಹೊಸದಾಗಿ ವ್ಯವಸ್ಥೆಗೊಳಿಸಿದನು. ಎಡಿನ್‌ಬರೋದಲ್ಲಿ ಒಂದು ಕಾಲೇಜಿಗಾಗಿ ಅವನು ಮರಣಶಾಸನದಲ್ಲಿ ಬಿಟ್ಟ 8,000 ಮಾರ್ಕುಗಳು 1582ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ಪೂರ್ವಕಥೆಗೆ ಸೇರಿವೆ. ಅವನ ಉತ್ತರಾಧಿಕಾರಿ ಆಡಮ್ ಬಾಥ್‌ವೆಲ್ಲನಾದರೋ 1567ರಲ್ಲಿ ರಾಣಿ ಮೇರಿಯ ವಿವಾಹವನ್ನು ನಡೆಸಿ, ಮೂರು ತಿಂಗಳು ಕಳೆಯುವಷ್ಟರಲ್ಲಿ ಅವಳ ಶಿಶುಪುತ್ರನಿಗೆ ಕಿರೀಟಧಾರಣೆ ಮಾಡಿದನು. ಮರುವರ್ಷ ಪೀಠದ ಭೂಮಿಗಳನ್ನು ಲಾರ್ಡ್ ರಾಬರ್ಟ್ ಸ್ಟೂವರ್ಟನಿಗೆ ವಿನಿಮಯವಾಗಿ ಬಿಟ್ಟುಕೊಟ್ಟನು. ಹೀಗೆ ದೊರೆಯ ಭೂಮಿಯೂ ಬಿಷಪನ ಭೂಮಿಯೂ ಒಬ್ಬನೇ ಪ್ರಭುವಿನ ಕೈಗೆ ಬಂದಾಗ ಆರ್ಕ್ನಿಯ ರೈತನಿಗೆ ಮೊರೆಯಿಡಲು ಎರಡನೆಯ ಬಾಗಿಲೇ ಇಲ್ಲವಾಯಿತು.

ಅದೇ 1567ರಲ್ಲಿ, ಮತಸುಧಾರಣೆಯ ನಂತರ ಹೆಬ್ರಿಡೀಸಿನ ಬಿಷಪ್ ಪದವಿಗೆ ಬಂದ ಜಾನ್ ಕಾರ್ಸ್‌ವೆಲ್ಲನು ಸುಧಾರಿತ ಮತದ ಪ್ರಾರ್ಥನಾವಿಧಿಯನ್ನು ಗೇಲಿಕ್ ಭಾಷೆಗೆ ತಂದು ಎಡಿನ್‌ಬರೋದಲ್ಲಿ ಅಚ್ಚುಹಾಕಿಸಿದನು. ಗೇಲಿಕ್ಕಿನಲ್ಲಿ ಅಚ್ಚಾದ ಮೊದಲ ಪುಸ್ತಕ ಇದು. ತನ್ನ ಭಾಷೆಯ ಜನರಿಗೆ ಮುದ್ರಣದ ಸೌಲಭ್ಯವಿಲ್ಲವೆಂದು ಅವನು ಅದರಲ್ಲಿ ಕೊರಗುತ್ತಾನೆ. ಪುರಾಣವೀರರ ಕಥೆಗಳಲ್ಲಿ ಅವರಿಗಿರುವ ಆಸಕ್ತಿಯನ್ನು ಆಕ್ಷೇಪಿಸಿಯೂ ಇದ್ದಾನೆ. ಆದರೂ ಜನರ ನುಡಿಯಲ್ಲಿಯೇ ಜನರನ್ನು ತಲುಪಬೇಕೆಂಬ ನಿಲುವು ಅವನದು.

6

ನಲವತ್ತೆರಡು ವರ್ಷಗಳ ಬಳಿಕ ಅದೇ ಪೀಠದ ನಿಲುವು ಪೂರ್ಣ ತಿರುವುಮುರುವಾಯಿತು. 1605ರಲ್ಲಿ ಆಂಡ್ರೂ ನಾಕ್ಸನು ಹೆಬ್ರಿಡೀಸಿನ ಬಿಷಪನಾದನು. 1608ರಲ್ಲಿ ದ್ವೀಪದ ನಾಯಕರನ್ನು ಧರ್ಮೋಪದೇಶ ಕೇಳಲೆಂದು ಹಡಗಿಗೆ ಬರಮಾಡಿಕೊಂಡು ಸೆರೆಹಿಡಿಯಲಾಯಿತು, ಉಪದೇಶಕನು ನಾಕ್ಸನೇ. ಮರುವರ್ಷ ಅಯೋನಾ ದ್ವೀಪದಲ್ಲಿ ಆತನ ಸಮ್ಮುಖದಲ್ಲಿ ಆ ನಾಯಕರು ಒಂಬತ್ತು ಕಟ್ಟಳೆಗಳಿಗೆ ಒಪ್ಪಿಗೆ ಕೊಟ್ಟರು. ಪಾಳುಬಿದ್ದ ದೇವಾಲಯಗಳ ಜೀರ್ಣೋದ್ಧಾರ, ಪರಿವಾರದ ಮಿತಿ, ಮದ್ಯದ ಆಮದಿಗೆ ಕಡಿವಾಣ, ಅಲೆಮಾರಿ ಗಾಯಕರ ನಿಷೇಧ ಇವೇ ಮೊದಲಾದವುಗಳೊಡನೆ, ಅರವತ್ತು ಹಸುಗಳಷ್ಟು ಆಸ್ತಿಯುಳ್ಳವನು ತನ್ನ ಹಿರಿಯ ಮಗನನ್ನು, ಗಂಡುಮಕ್ಕಳಿಲ್ಲದಿದ್ದರೆ ಹಿರಿಯ ಮಗಳನ್ನು, ಇಂಗ್ಲಿಷ್ ಕಲಿಯಲು ತಗ್ಗುನಾಡಿನ ಶಾಲೆಗೆ ಕಳುಹಿಸಬೇಕೆಂಬುದೂ ಒಂದು. 1616ರಲ್ಲಿ ರಾಜನ ಮಂತ್ರಾಲೋಚನ ಸಭೆಯು ಗೇಲಿಕ್ ನುಡಿಯನ್ನೇ ಅನಾಗರಿಕತೆಯ ಒಂದು ಮುಖ್ಯ ಕಾರಣವೆಂದು ಹೆಸರಿಸಿತು. ಈ ಕಟ್ಟಳೆಗಳು ತತ್‌ಕ್ಷಣ ಎಷ್ಟು ಜಾರಿಗೆ ಬಂದವೆಂಬ ವಿಷಯದಲ್ಲಿ ಚರಿತ್ರೆಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಅವುಗಳ ದಿಕ್ಕಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಆರ್ಕ್ನಿಯಲ್ಲಿ ಜೇಮ್ಸ್ ಲಾ ಎಂಬ ಬಿಷಪನ ಕಾರ್ಯ ಇದಕ್ಕೆ ಸಮಾಂತರವಾದುದು. ಲಾರ್ಡ್ ರಾಬರ್ಟನ ಮಗ ಅರ್ಲ್ ಪ್ಯಾಟ್ರಿಕನ ದಬ್ಬಾಳಿಕೆಯ ವಿರುದ್ಧ ಆತನು ದೊರೆಗೆ ದೂರು ಸಲ್ಲಿಸಿದನು. ಆದರೆ ಪರಿಹಾರದ ರೂಪವೇನು? 1611ರಲ್ಲಿ ಮಂತ್ರಾಲೋಚನ ಸಭೆ ದ್ವೀಪಗಳ ಪುರಾತನ ನಾರ್ಸ್ ಕಾನೂನನ್ನು 'ಪರದೇಶದ ಕಾನೂನು' ಎಂದು ರದ್ದುಪಡಿಸಿತು. 1614ರಲ್ಲಿ ಬಿಷಪನ ಭೂಮಿಗಳನ್ನು ದೊರೆಯ ಭೂಮಿಗಳಿಂದ ಬೇರ್ಪಡಿಸಲಾಯಿತು. ಅದೇ ವರ್ಷ ಪ್ಯಾಟ್ರಿಕನ ಮಗನು ದಂಗೆಯೆದ್ದಾಗ, ದಂಗೆಕೋರರು ಅಡಗಿದ್ದ ಸಂತ ಮ್ಯಾಗ್ನಸನ ದೇವಾಲಯವನ್ನು ರಾಜಸೈನ್ಯದ ಮುಖ್ಯಸ್ಥನಾದ ಕೇತ್‌ನೆಸ್ ಅರ್ಲನು ಕೆಡವಲು ಹೊರಟನು. ತಡೆದವನು ಬಿಷಪ್ ಲಾ. 1615ರಲ್ಲಿ ತಂದೆಮಕ್ಕಳಿಬ್ಬರಿಗೂ ಮರಣದಂಡನೆಯಾಯಿತು. ಲಾ ಗ್ಲಾಸ್ಗೋದ ಆರ್ಚ್‌ಬಿಷಪನಾದನು.

7

ಈ ಐದು ಶತಮಾನಗಳ ಬಿಷಪರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸಾಧ್ಯವಿಲ್ಲ. ಲಾ ರೈತರನ್ನು ಒಬ್ಬ ಪೀಡಕನಿಂದ ಬಿಡಿಸಿದನು, ಅವರ ದೇವಾಲಯವನ್ನು ಉಳಿಸಿದನು. ಆದರೆ ಅದೇ ಕಾರ್ಯದಲ್ಲಿ ಅವರ ಕಾನೂನು ಕಣ್ಮರೆಯಾಯಿತು. ನಾಕ್ಸನು ನಾಯಕರ ಕಾದಾಟಗಳಿಗೆ ಅಂಕುಶ ಹಾಕಹೊರಟನು. ಅವರ ಮಕ್ಕಳ ನುಡಿಯನ್ನೇ ಅದಕ್ಕೆ ಬೆಲೆಯಾಗಿ ಕೇಳಿದನು. ವ್ಯಕ್ತಿಗಳ ಗುಣದೋಷಗಳಿಗಿಂತ ಸ್ಥಾನದ ಸ್ವರೂಪ ಇಲ್ಲಿ ಹೆಚ್ಚು ಮುಖ್ಯ. ವಿಲಿಯಮ್, ಬ್ಯಾರ್ನಿಯರ ಕಾಲದಲ್ಲಿ ಧರ್ಮದ ಒಡೆಯ ಒಂದು ಕಡೆ, ನೆಲದ ಒಡೆಯ ಇನ್ನೊಂದು ಕಡೆ ಇದ್ದುದರಿಂದ ಬಿಷಪನು ದ್ವೀಪದ ಪರವಾಗಿ ಮಾತನಾಡಲು ಅವಕಾಶವಿತ್ತು. 1472ರ ನಂತರ ಆ ಅವಕಾಶ ಸಂಕುಚಿತವಾಗುತ್ತ ಬಂದು, 17ನೆಯ ಶತಮಾನದ ಆರಂಭದ ವೇಳೆಗೆ ಆತನ ಧ್ವನಿ ದೊರೆಯ ಧ್ವನಿಯಿಂದ ಬೇರೆಯಾಗಿ ಕೇಳಿಸದಂತಾಯಿತು. 1689ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಧರ್ಮಸಂಸ್ಥೆಯಲ್ಲಿ ಬಿಷಪ್ ಪದವಿಯೇ ರದ್ದಾಯಿತು. ದ್ವೀಪಗಳನ್ನು ರಾಜ್ಯಕ್ಕೆ ಜೋಡಿಸುವುದರಲ್ಲಿ ಅಷ್ಟು ದುಡಿದ ಪೀಠವನ್ನು ಆ ರಾಜ್ಯವೇ ಬೇಡವೆಂದಿತು.

ದೂರದ ಪ್ರಾಂತಗಳು ದೊಡ್ಡ ರಾಜ್ಯಗಳಿಗೆ ಸೇರಿದ ಬಗೆಯನ್ನು ಅಭ್ಯಾಸ ಮಾಡುವವರು ಒಪ್ಪಂದಗಳ ತಾರೀಖುಗಳಲ್ಲಿಯೇ ನಿಲ್ಲದೆ, ಪೀಠಗಳ, ಬೆಣ್ಣೆಯ ಅಳತೆಗಳ, ಶಾಲೆಯ ಕಟ್ಟಳೆಗಳ ಕಡೆಗೂ ದೃಷ್ಟಿ ಹರಿಸಬೇಕು. ರಾಜ್ಯವು ಜನರ ಮನೆಬಾಗಿಲಿಗೆ ಬಂದುದು ಆ ದಾರಿಯಿಂದ.