ಸೂಳೆಕೆರೆಯ ಮೀಸೆಗಾರರು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಏರಿ ಇರುವುದು ಸಾವಿರ ಅಡಿಗೂ ಕಡಿಮೆ. ಎರಡು ಗುಡ್ಡಗಳ ನಡುವಿನ ಕಿಂಡಿಯನ್ನು ಮುಚ್ಚಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದರೆ ಸಾಕಿತ್ತು. ಏರಿಯ ಹಿಂದೆ 6,550 ಎಕರೆಯಷ್ಟು ನೀರು ಹರಡಿಕೊಂಡಿತು. ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ ಎನ್ನುತ್ತದೆ ಐತಿಹ್ಯ. ಕಾಲ ಹನ್ನೊಂದು-ಹನ್ನೆರಡನೇ ಶತಮಾನ. ಈಚೆಗೆ ಶಾಂತಿಸಾಗರ ಎಂಬ ಹೆಸರೂ ಬಂದಿದೆ. ಸಿದ್ದನ ತೂಬು, ಬಸವನ ತೂಬು, ಅಚ್ಚುಕಟ್ಟಿನ ಗದ್ದೆ, ಅಡಿಕೆ ತೋಟ, ಇವೆಲ್ಲದರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಕೆರೆಯ ತಳದ ಕೆಸರಲ್ಲಿ ಮೀಸೆಯಾಡಿಸುತ್ತ ಬದುಕಿದ ಮೀನುಗಳಿಗೆ ಮಾತ್ರ ಚರಿತ್ರೆಕಾರರು ಸಿಕ್ಕಿಲ್ಲ.

ಆದರೆ ಇದೇ ಕಾಲದ ಒಬ್ಬ ಕನ್ನಡ ದೊರೆ ಮೀನುಗಳ ಬಗ್ಗೆ ಸೊಗಸಾಗಿ ಬರೆದಿದ್ದಾನೆ. 1127ರಲ್ಲಿ ಪಟ್ಟಕ್ಕೆ ಬಂದ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಕಡಲಿನ ಮೀನು, ಹೊಳೆಯ ಮೀನು. ಚಿಪ್ಪಿರುವುದು, ಬರಿ ಚರ್ಮದ್ದು. ಯಾವುದಕ್ಕೆ ಯಾವ ಮೇವು, ಎಂಥ ಗಾಳ, ಎಲ್ಲವನ್ನೂ ವಿಂಗಡಿಸಿಟ್ಟಿದ್ದಾನೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಚಿಪ್ಪಿಲ್ಲದ ಮೀನುಗಳನ್ನು ದೊರೆ ಪ್ರತ್ಯೇಕವಾಗಿ ಎಣಿಸಿದ್ದು ಸಣ್ಣ ಸಂಗತಿಯಲ್ಲ. ಇಂದು ಎಲ್ಲರ ಬಾಯಲ್ಲೂ ಕ್ಯಾಟ್‌ಫಿಶ್ ಆಗಿರುವ ಮೀನುಗಳಿಗೆ ಚಿಪ್ಪಿಲ್ಲ.

ಗಿರ್ಲು, ಗೊದ್ಲೆ, ಬಾಳೆಮೀನು, ಚೇಳುಮೀನು: ಇವು ಈ ಸೀಮೆಯ ತಳದ ಮೀನುಗಳು. ಬಲೆಗೆ ಬಿದ್ದ ಗಿರ್ಲನ್ನು ಬಿಡಿಸುವುದು ತಾಳ್ಮೆಯ ಕೆಲಸ. ಕೈ ತಾಗಿದೊಡನೆ ಬೆನ್ನಿನ ಮೇಲೊಂದು, ಎದೆಯ ಎರಡು ಬದಿಗೆ ಒಂದೊಂದು, ಹೀಗೆ ಮೂರು ಮುಳ್ಳುಗಳನ್ನು ಸೆಟೆದು ನಿಲ್ಲಿಸುತ್ತದೆ. ಬುಡದಲ್ಲೇ ಬೀಗ ಬಿದ್ದಂತಾಗುವ ಆ ಮುಳ್ಳು ಎಳೆದರೂ ಮಡಚುವುದಿಲ್ಲ, ಬಲೆಯ ದಾರ ಅದಕ್ಕೇ ಸುತ್ತಿಕೊಳ್ಳುತ್ತದೆ. ಚೇಳುಮೀನಿನ ಮುಳ್ಳಲ್ಲಿ ನಂಜೂ ಇದೆ. ಚುಚ್ಚಿದರೆ ಕೈ ಉರಿದು ಬಾಯುತ್ತದೆ. ಈ ಮೀನಿನ ಕಿವಿರಿನ ಹಿಂದೆ, ಮೈಯುದ್ದಕ್ಕೂ, ಎರಡು ಗಾಳಿಚೀಲಗಳಿವೆ. ನೀರಲ್ಲಿ ಉಸಿರು ಸಾಲದಾದರೆ ಮೇಲೆ ಬಂದು ಗಾಳಿ ನುಂಗುತ್ತದೆ. ಕೆರೆ ಬತ್ತಿದರೆ ಹಸಿ ಕೆಸರಲ್ಲಿ ಹುದುಗಿ ದಿನ ದೂಡುತ್ತದೆ. ಮಳೆ ಕೈಕೊಡುವ ಜಗಳೂರಿನಂಥ ತಾಲ್ಲೂಕಿನ ಕೆರೆಗೆ ಇದಕ್ಕಿಂತ ಒಗ್ಗುವ ಮೀನು ಬೇರೆ ಯಾವುದಿದ್ದೀತು?

ಯುರೋಪಿನ ಪುಸ್ತಕಗಳಿಗೆ ಈ ಮೀನುಗಳು ಬೇಗನೆ ಹತ್ತಿದವು. ತಮಿಳುನಾಡಿನ ತರಂಗಂಬಾಡಿಯಿಂದ ಹೋದ ಮಾದರಿಗಳನ್ನು ನೋಡಿ ಬರ್ಲಿನ್ನಿನ ವೈದ್ಯ ಬ್ಲಾಖ್ 1794ರಲ್ಲೇ ಚೇಳುಮೀನನ್ನೂ ಪಟ್ಟೆಯ ಗಿರ್ಲನ್ನೂ ವಿವರಿಸಿದ. ಬ್ರಿಟಿಷ್ ನಿಸರ್ಗತಜ್ಞರ ಪೈಕಿ ದಖನ್ನಿನ ಹೊಳೆಗಳ ಮೀನುಗಳ ಬಗ್ಗೆ ಸೈಕ್ಸ್ 1839ರಲ್ಲಿ, ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗ್ಗೆ ಜೆರ್ಡನ್ 1849ರಲ್ಲಿ ಬರೆದರು.

ಇದೇ ಸೀಮೆಯ ಹೊನ್ನಾಳಿ ಮತ್ತು ಅದರಿಂದ ಬೇರೆಯಾದ ನ್ಯಾಮತಿ ತಾಲ್ಲೂಕುಗಳ ಕಥೆ ಕೆರೆಗಿಂತ ಹೆಚ್ಚಾಗಿ ಹೊಳೆಯದು. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿ ಇತ್ತ ಹರಿಯುತ್ತವೆ. ಭದ್ರೆಯ ದಂಡೆಯ ಭದ್ರಾವತಿಯಲ್ಲಿ 1923ರ ಹೊತ್ತಿಗೆ ಕಬ್ಬಿಣದ ಕಾರ್ಖಾನೆ ಉರಿಯತೊಡಗಿತ್ತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅವುಗಳ ಕೊಳೆನೀರು ಭದ್ರೆಯ ಮೀನುಗಾರಿಕೆಗೆ ಏನು ಮಾಡಿತೆಂದು ಎ. ಡೇವಿಡ್ 1956ರಲ್ಲಿ ಅಧ್ಯಯನ ಪ್ರಕಟಿಸಿದರು. ಹೊಳೆ ಮಲಿನವಾದರೆ ತಳದ ಮೀನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಕೊಳೆ ಇಳಿದು ಕೂರುವುದೇ ಅದು ಮೇಯುವ ನೆಲದ ಮೇಲೆ.

ಮುಂದಿನ ಪೆಟ್ಟು ಒಳ್ಳೆಯ ಉದ್ದೇಶದ ಬೆನ್ನಿಗೇ ಬಂತು. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಗ್ರಂಥಿಸಾರದ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಹೊಳೆಯಲ್ಲಿ ಮರಿ ಹುಡುಕುವ ಕಷ್ಟ ತಪ್ಪಿತು. ಕಾಟ್ಲಾ, ರೋಹು, ಮೃಗಾಲ್ ಮರಿಗಳು ಕರ್ನಾಟಕದ ಕೆರೆ ಕೆರೆಗೂ ಇಳಿದವು. ಚನ್ನಗಿರಿಗೆ ಹತ್ತಿರದ, ಭದ್ರಾ ಜಲಾಶಯದ ಬಿ.ಆರ್. ಪ್ರಾಜೆಕ್ಟ್ ಮೀನುಮರಿಗೆ ಹೆಸರಾಯಿತು. ಊರಿಗೆ ಅಗ್ಗದ ಮೀನು ಸಿಕ್ಕಿತು, ಬೆಸ್ತರ ಸಹಕಾರ ಸಂಘಗಳಿಗೆ ಆದಾಯ ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂದಿನಿಂದ ಬಾಳೆಮೀನು ಮರಿಭಕ್ಷಕ ಎನಿಸಿತು, ಗಿರ್ಲು ಕಳೆಮೀನಾಯಿತು. ಕೊಳಗಳಿಗೆ ಮರಿ ಬಿಡುವ ಮುನ್ನ ಹಿಪ್ಪೆ ಹಿಂಡಿ ಎರಚಿ ಇದ್ದಬದ್ದ ಮೀನನ್ನೆಲ್ಲ ಕೊಲ್ಲುವುದು ಪಾಠಪುಸ್ತಕದ ಕ್ರಮ. ಹಿಂಡಿಯ ವಿಷ ಕೆಲವು ವಾರಗಳಲ್ಲಿ ಇಳಿದು ಗೊಬ್ಬರವಾಗುತ್ತದೆ, ಸತ್ತ ತಳಿ ಹಿಂದಿರುಗುವುದಿಲ್ಲ. ಇದರ ನಡುವೆ ಕದ್ದು ಬಂದದ್ದು ಆಫ್ರಿಕದ ಕ್ಯಾಟ್‌ಫಿಶ್. ಸಿಕ್ಕಿದ್ದನ್ನೆಲ್ಲ ನುಂಗುವ ಈ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿತು. ಹೀಗಿದ್ದೂ ಕದ್ದುಮುಚ್ಚಿ ಸಾಕುವುದು ನಿಂತಿಲ್ಲ.

ಈಗ ತಳದ ಮೀನಿನ ಆಯ್ಕೆ ಮನೆಯ ಗಾಜಿನ ತೊಟ್ಟಿಗೂ ಬಂದಿದೆ, ಅಲ್ಲಿ ತೊಡಕು ನೀರಿನದು. ಜಗಳೂರಿನ ಕಡೆಯ ಎಷ್ಟೋ ಕೊಳವೆಬಾವಿಗಳದು ಗಡಸು ನೀರು: ಸೋಪು ನೊರೆ ಕಟ್ಟುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಪಾತ್ರೆಯ ಒಳಗೆ ಬಿಳಿ ಪದರ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 600. ಅಕ್ವೇರಿಯಂ ಅಂಗಡಿಯಲ್ಲಿ ಮೊದಲು ತೋರಿಸುವ ಕೋರಿಡೋರಾಸ್ ದಕ್ಷಿಣ ಅಮೆರಿಕದ್ದು. ಅದರ ಬಳಗದ ಬಹಳಷ್ಟು ಮೀನುಗಳು ಮೆದು ನೀರಿನವು. ತೊಟ್ಟಿಯಲ್ಲೇ ಮರಿಯಾದ ಕಂಚು ಬಣ್ಣದ ಕೋರಿ ಮಧ್ಯಮ ಗಡಸುತನ ತಾಳಿಕೊಳ್ಳುತ್ತದೆ. ನೀರು ಅದಕ್ಕೂ ಗಡಸಾದರೆ ಊರಿನ ಶುದ್ಧ ನೀರಿನ ಘಟಕದ ನೀರು ಬೆರೆಸುವುದೇ ದಾರಿ. ನಿಜಕ್ಕೂ ಗಡಸು ನೀರನ್ನು ಬಯಸುವುದು ಆಫ್ರಿಕದ ಟಾಂಗನೀಕ ಸರೋವರದ ಸಿನೊಡಾಂಟಿಸ್. ಆ ಸರೋವರದ ನೀರೇ ಕ್ಷಾರ, ಪಿಎಚ್ 9ರ ಆಸುಪಾಸು.

ಇಷ್ಟು ದೂರ ಹೋಗುವ ಮುನ್ನ ಪಟ್ಟೆಯ ಗಿರ್ಲನ್ನು ಒಮ್ಮೆ ನೋಡಬೇಕು. ಬೂದು ಮೈಮೇಲೆ ತಲೆಯಿಂದ ಬಾಲದವರೆಗೆ ಓಡುವ ಗೆರೆಗಳು, ಕಿವಿರಿನ ಹಿಂದೆ ಕಪ್ಪು ಮಚ್ಚೆ, ನಾಲ್ಕು ಜೊತೆ ಮೀಸೆ. ಗಡಸು ನೀರು ಅದಕ್ಕೆ ಹೊಸತಲ್ಲ. ಹಗಲೆಲ್ಲ ಕಲ್ಲಿನ ಮರೆಯಲ್ಲಿದ್ದು ದೀಪ ಆರಿಸಿದ ಮೇಲೆ ಹೊರಡುತ್ತದೆ, ಆದ್ದರಿಂದ ಮೇವು ಹಾಕುವುದು ರಾತ್ರಿಗೇ ಇರಲಿ. ಒಂಟಿಯಾಗಿಡದೆ ನಾಲ್ಕಾರು ಇಡಬೇಕು, ಗಪ್ಪಿಯಂಥ ಪುಟ್ಟ ಮೀನುಗಳ ಜೊತೆ ಇಡಲೇಬಾರದು, ಬಾಯಿಗೆ ಹಿಡಿಸುವುದನ್ನು ಬಿಡುವುದಿಲ್ಲ. ತಳಕ್ಕೆ ಹೊಳೆ ಮರಳು ಹಾಕಬೇಕು. ಕಲ್ಲು ಪುಡಿಮಾಡಿ ಮಾಡಿದ ಎಂ-ಸ್ಯಾಂಡ್‌ನ ಚೂಪು ಅಂಚಿಗೆ ಮೀಸೆ ಸವೆದು ಹುಣ್ಣಾಗುತ್ತದೆ, ಮೀಸೆ ಹೋದ ಮೀನಿಗೆ ರುಚಿಯೂ ಇಲ್ಲ, ದಾರಿಯೂ ಇಲ್ಲ. ಅಂಗಡಿಯಲ್ಲಿ ಗಾಜು ತೊಳೆಯುವ ಮೀನು ಎಂದು ಕೊಡುವ ಸಕ್ಕರ್ ಮೀನನ್ನು ಮಾತ್ರ ದೂರವಿಡುವುದು ಮೇಲು. ಬೆರಳುದ್ದದ ಅದು ಒಂದು ಅಡಿ ದಾಟಿ ಬೆಳೆಯುತ್ತದೆ. ತೊಟ್ಟಿಗೆ ಹಿಡಿಸದಾದಾಗ ಜನ ಕೆರೆಗೆ ಬಿಟ್ಟುಬರುತ್ತಾರೆ. ಕೇರಳ, ಆಂಧ್ರದ ನೀರುಗಳಲ್ಲಿ ಅದೀಗ ಬಲೆ ಹರಿಯುವ ಪಿಡುಗು. ತುಂಗಭದ್ರೆಯ ನೀರೆತ್ತಿ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದಿರುವ ಈ ಹೊತ್ತಿನಲ್ಲಿ, ಆ ಕೆರೆಗಳಿಗೆ ಬಿಡುವ ಮರಿಗಳ ಪಟ್ಟಿಯಲ್ಲಿ ಕಾಟ್ಲಾ, ರೋಹು ಜೊತೆಗೆ ಗಿರ್ಲಿಗೂ ಗೊದ್ಲೆಗೂ ಒಂದು ಸಾಲು ಬೇಕು.