ಚರ್ಮ ಹೇಳದ ಸತ್ಯ

ಪ್ರಸಾಧನದ ಅಂಗಡಿಗಳಲ್ಲಿ ಇಂದು ‘ವಿಷರಹಿತ’, ‘ನೈಸರ್ಗಿಕ’ ಎಂಬ ಪದಗಳಿಲ್ಲದ ಡಬ್ಬಿಯನ್ನು ಹುಡುಕುವುದೇ ಕಷ್ಟ. ಅಂಥದ್ದೊಂದನ್ನು ಕೊಂಡು ತಂದು, ಮೊಣಕೈಯ ಒಳಬದಿಗೆ ತುಸು ಹಚ್ಚಿ, ಒಂದೆರಡು ದಿನ ಕಾದು, ಉರಿಯಾಗಲಿ ತುರಿಕೆಯಾಗಲಿ ಕಾಣದಿದ್ದರೆ ನಾವು ನಿಶ್ಚಿಂತರಾಗುತ್ತೇವೆ. ಈ ಪರೀಕ್ಷೆ ತಪ್ಪಲ್ಲ. ಆದರೆ ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ತಿಳಿಯಲು ಪ್ರಸಾಧನದ ಇತಿಹಾಸವನ್ನು ಒಮ್ಮೆ ತಿರುವಿ ನೋಡಬೇಕು.

ಮನುಷ್ಯ ಮುಖಕ್ಕೆ ಬಳಿದುಕೊಂಡ ವಿಷಗಳಲ್ಲಿ ಸೀಸದ್ದು ಬಹು ದೀರ್ಘ ಆಯುಷ್ಯ. ವಿನಿಗರ್ ತುಂಬಿದ ಮಡಕೆಯಲ್ಲಿ ಸೀಸವನ್ನು ಇರಿಸಿ, ಅದರ ಮೇಲೆ ಕಟ್ಟುವ ಪೊರೆಯನ್ನು ಕೆರೆದು ಬಿಳಿಯ ಪುಡಿ ಮಾಡುವ ವಿಧಾನವನ್ನು ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ವರ್ಣಿಸಿದ್ದಾನೆ. ಈ ಪುಡಿ ಹೊಟ್ಟೆಗೆ ಹೋದರೆ ಪ್ರಾಣಾಂತಿಕವೆಂದು ಕ್ರಿ.ಶ. ಒಂದನೆಯ ಶತಮಾನದಲ್ಲೇ ರೋಮಿನ ಪ್ಲಿನಿ ಬರೆದಿದ್ದ. ಆದರೂ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತ ಸ್ತ್ರೀಯರು ಅದನ್ನೇ ಹಚ್ಚಿಕೊಳ್ಳುತ್ತಿದ್ದರು. ಚೆಲುವಿಗೆ ಹೆಸರಾಗಿದ್ದ ಕೊವೆಂಟ್ರಿಯ ಕೌಂಟೆಸ್ ಮರಿಯಾ ಗನ್ನಿಂಗ್ 1760ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡಳು. ಈ ಲೇಪನವೇ ಅವಳನ್ನು ಕೊಂದಿತೆಂಬ ಮಾತು ಇಂದಿಗೂ ಪ್ರಚಲಿತ. ವಿಷವೆಂಬ ತಿಳಿವಳಿಕೆ ಇದ್ದೂ ಬಳಕೆ ನಿಲ್ಲದಿರಲು ಕಾರಣವುಂಟು. ಹಚ್ಚಿದ ದಿನ ಕನ್ನಡಿಯಲ್ಲಿ ಕಾಣುವುದು ಬೆಳ್ಳಗಿನ ಮುಖ ಮಾತ್ರ. ಸೀಸದ ಕೆಡುಕು ದೇಹದಲ್ಲಿ ಮೆಲ್ಲಮೆಲ್ಲನೆ ಸಂಚಯವಾಗುತ್ತದೆ.

ಇಪ್ಪತ್ತನೆಯ ಶತಮಾನದ ವಿಜ್ಞಾನವು ಹೊಸ ವಿಷಗಳನ್ನು ತಂದಿತು. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆಯ ಬಣ್ಣದಿಂದ ಹೆಂಗಸರು ದೃಷ್ಟಿ ಕಳೆದುಕೊಂಡರು, ಸಾವೂ ಸಂಭವಿಸಿತು. ಆದರೆ ಅಲ್ಲಿನ 1906ರ ಕಾಯಿದೆಯ ವ್ಯಾಪ್ತಿಗೆ ಪ್ರಸಾಧನಗಳು ಬರುತ್ತಿರಲಿಲ್ಲವಾದ್ದರಿಂದ ಅದನ್ನು ಜಪ್ತಿ ಮಾಡುವ ಅಧಿಕಾರ ಯಾರಿಗೂ ಇರಲಿಲ್ಲ. ಆಹಾರ ಮತ್ತು ಔಷಧ ಇಲಾಖೆಯ ಅಧಿಕಾರಿಗಳು ಇಂಥ ವಸ್ತುಗಳನ್ನೂ ಬಾಧಿತರ ಚಿತ್ರಗಳನ್ನೂ ಕಲೆಹಾಕಿ ಒಂದು ಪ್ರದರ್ಶನವನ್ನೇ ಏರ್ಪಡಿಸಿದರು. ಕಡತಗಳ ನಡುವೆ ಬದುಕುವ ನಮಗೆ ಆ ಅಸಹಾಯಕತೆಯೂ ಆ ಉಪಾಯವೂ ಚೆನ್ನಾಗಿ ಅರ್ಥವಾಗುತ್ತವೆ. 1938ರಲ್ಲಿ ಹೊಸ ಕಾಯಿದೆ ಬಂದಿತು. ಅದೇ ದಶಕದಲ್ಲಿ ಪ್ಯಾರಿಸಿನಲ್ಲಿ ‘ಥೊ-ರಾಡಿಯಾ’ ಎಂಬ ಮುಖಲೇಪ ಮಾರಾಟವಾಗುತ್ತಿತ್ತು. ಅದರಲ್ಲಿ ರೇಡಿಯಂ ಇದೆಯೆಂಬುದನ್ನು ಮುಚ್ಚಿಟ್ಟಿರಲಿಲ್ಲ. ಅದೇ ಅದರ ಜಾಹೀರಾತಾಗಿತ್ತು.

ಈ ಎರಡರ ನಡುವೆ ಒಂದು ಮುಖ್ಯ ಭೇದವಿದೆ. ರೆಪ್ಪೆಯ ಬಣ್ಣದಲ್ಲಿದ್ದ ರಾಸಾಯನಿಕವು ಅಲರ್ಜಿಯನ್ನು ಕೆರಳಿಸುವಂಥದ್ದು; ಮೊಣಕೈಯ ಪರೀಕ್ಷೆ ಅಂಥದ್ದನ್ನು ಹಿಡಿಯಬಲ್ಲದು. ಸೀಸ, ಪಾದರಸ, ರೇಡಿಯಂಗಳ ವಿಷಯದಲ್ಲಿ ಚರ್ಮ ಮೌನಿ. ಅವುಗಳನ್ನು ಪತ್ತೆಹಚ್ಚಲು ಪ್ರಯೋಗಾಲಯವೇ ಬೇಕು.

ಹೊರನಾಡಿನ ನಮ್ಮ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಕೆಂಪೇರುವುದನ್ನು ಕಾಣದ ಕನ್ನಡಿಗರಿಲ್ಲ. ನಮ್ಮ ಹಳೆಯ ಕುಂಕುಮವೂ ಅರಿಶಿನದ ಕೂಸೇ. ಆದರೆ ‘ಸಿಂಧೂರ’ ಎಂಬ ಸಂಸ್ಕೃತ ಪದಕ್ಕೆ ಸೀಸದ ಕೆಂಪು ಆಕ್ಸೈಡ್ ಎಂಬ ಅರ್ಥವಿದೆ. ‘ಇಂಗಳೀಕ’ವೆಂದರೆ ಪಾದರಸ ಮತ್ತು ಗಂಧಕ ಸೇರಿದ ಖನಿಜ. ಎರಡೂ ಪ್ರಾಚೀನ, ಎರಡನೆಯದು ನೆಲದಲ್ಲೇ ದೊರೆಯುವ, ಅಕ್ಷರಶಃ ನೈಸರ್ಗಿಕ ವಸ್ತು. 2017ರಲ್ಲಿ ಅಮೆರಿಕದ ಸಂಶೋಧಕರು ನ್ಯೂಜೆರ್ಸಿ, ಮುಂಬಯಿ ಮತ್ತು ದೆಹಲಿಗಳಲ್ಲಿ ಕೊಂಡ ಸಿಂಧೂರದ 118 ಮಾದರಿಗಳ ಪರೀಕ್ಷೆಯನ್ನು ಪ್ರಕಟಿಸಿದರು. ಗ್ರಾಮಿಗೆ ಒಂದು ಮೈಕ್ರೋಗ್ರಾಮ್ ಇಲ್ಲವೇ ಅದಕ್ಕಿಂತ ಹೆಚ್ಚು ಸೀಸವು ಅಮೆರಿಕದ ಮಾದರಿಗಳ ಪೈಕಿ ಶೇ. 83ರಲ್ಲಿ, ಭಾರತದವುಗಳ ಪೈಕಿ ಶೇ. 78ರಲ್ಲಿ ಕಂಡುಬಂದಿತು.

ಭಾರತದಲ್ಲಿ 1940ರ ಔಷಧ ಕಾಯಿದೆಯೊಳಗೆ ಪ್ರಸಾಧನಗಳು ಸೇರಿದ್ದು 1962ರ ತಿದ್ದುಪಡಿಯಿಂದ. ಬಣ್ಣಕ್ಕಾಗಿ ಸೀಸದ ಅಥವಾ ಆರ್ಸೆನಿಕ್‌ನ ಸಂಯುಕ್ತಗಳನ್ನು ಬಳಸುವುದು ನಿಷಿದ್ಧ. 2020ರ ಪ್ರಸಾಧನ ನಿಯಮಗಳ ಪ್ರಕಾರ, ಕಣ್ಣಿನ ಭಾಗಕ್ಕೆ ಹಚ್ಚುವವುಗಳನ್ನು ಬಿಟ್ಟು ಉಳಿದವುಗಳಲ್ಲಿ ಅನುದ್ದೇಶಿತವಾಗಿ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ಆದರೂ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರವರೆಗೆ ಒಂದು ಅಪರೂಪದ ಮೂತ್ರಪಿಂಡದ ಕಾಯಿಲೆಯ ರೋಗಿಗಳನ್ನು ಮೇಲಿಂದ ಮೇಲೆ ಕಂಡರು. ವಿಚಾರಿಸಿದಾಗ ಅವರಲ್ಲಿ ಹೆಚ್ಚಿನವರು ಮುಖ ಬೆಳ್ಳಗಾಗಿಸುವ ಕ್ರೀಮು ಬಳಸಿದವರೆಂದು ತಿಳಿಯಿತು. ಪ್ಲಿನಿಯ ಕಾಲದ ಬಿಳುಪಿನ ಹಂಬಲ ನಮ್ಮಲ್ಲಿ ಇನ್ನೂ ಆರಿಲ್ಲ.

ಆದ್ದರಿಂದ ‘ನೈಸರ್ಗಿಕ’ವೆಂಬ ದೊಡ್ಡಕ್ಷರಗಳಿಗಿಂತ ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳನ್ನೇ ನಾವು ಮೊದಲು ಓದಬೇಕು: ಘಟಕಗಳ ಪಟ್ಟಿ, ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ. ಇವು ಇದ್ದ ಮಾತ್ರಕ್ಕೆ ವಸ್ತು ನಿರಪಾಯವೆನ್ನಲಾಗದು. ಆದರೆ ಕೆಡುಕಾದಾಗ ಯಾರನ್ನು ಕೇಳಬೇಕೆಂಬುದಾದರೂ ತಿಳಿದಿರುತ್ತದೆ. ಹಬ್ಬದ ಸಂತೆಯಲ್ಲಿ ತೂಕಕ್ಕೆ ಮಾರುವ ಹೆಸರಿಲ್ಲದ ಕೆಂಪು ಪುಡಿಗೆ ಅಂಥ ವಿಳಾಸವಿಲ್ಲ. ಮಕ್ಕಳ ಹಣೆಗಿಡುವ ಮುನ್ನ ಇಷ್ಟನ್ನು ನೋಡಿಕೊಂಡರೆ ಸಂಪ್ರದಾಯಕ್ಕೆ ಯಾವ ಕುಂದೂ ಬಾರದು.